ನಮ್ಮ ಕಾರಿನ ಪಾಲಿಸಿ ಬರೆದವರು

ಅವರ ಬಲಗೈ ಕಿರುಬೆರಳಿನ ಉಗುರು ಅರ್ಧ ಇಂಚು ಉದ್ದವಿತ್ತು. ಕಿವಿ ಕೆರೆದುಕೊಳ್ಳುವುದು, ಹಲ್ಲಿನ ಸಂದಿಯಿಂದ ಅಡಿಕೆ ಚೂರು ತೆಗೆಯುವುದು, ಫಾರಂನಲ್ಲಿ ಸಹಿ ಹಾಕುವ ಜಾಗ ತೋರಿಸುವುದು ಎಲ್ಲ ಅದರಲ್ಲೇ. ರಾಯದುರ್ಗದ ಬಸ್ ಸ್ಟ್ಯಾಂಡ್ ಎದುರು, ಜೀನ್ಸ್ ಅಂಗಡಿಯ ಮಗ್ಗುಲಿಗೆ ಒಂದು ಕಂಪ್ಯೂಟರ್ ಇಟ್ಟುಕೊಂಡು ಕೂತಿರುತ್ತಿದ್ದ ಈ ಇನ್ಶೂರೆನ್ಸ್ ಏಜೆಂಟರನ್ನು ಊರೆಲ್ಲ ಸಾರ್ ಎನ್ನುತ್ತಿತ್ತು. ನಾನು ಮಕ್ಕಳಿಗೆ ಪಾಠ ಹೇಳುವವಳು. ತಾನು ಬರೆದದ್ದನ್ನು ತಾನೇ ಓದದ ಮನುಷ್ಯನನ್ನು ಸಾರ್ ಎನ್ನುವಾಗಲೆಲ್ಲ ಮೈ ಉರಿಯುತ್ತಿತ್ತು.

ಅವರ ಕೆಲಸದ ರೀತಿ ಬಹಳ ಸರಳ. ಹೊಸ ಗಿರಾಕಿ ಬಂದರೆ ಹಳೆಯ ಗಿರಾಕಿಯ ಫೈಲು ತೆರೆದು, ಅದರ ಮೇಲೇ ಹೆಸರು ಮತ್ತು ಗಾಡಿ ನಂಬರು ತಿದ್ದುವುದು. ಉಳಿದದ್ದು ಇದ್ದ ಹಾಗೇ ಇರುತ್ತಿತ್ತು. ಇದನ್ನು ಮೈಗಳ್ಳತನ ಎಂದವರಿಲ್ಲ. ಐದೇ ನಿಮಿಷದಲ್ಲಿ ಪಾಲಿಸಿ ಕೈಗೆ ಕೊಡುತ್ತಾರೆ ಎಂದು ಹೊಗಳುತ್ತಿದ್ದರು. ನನ್ನ ಗಂಡನ ಕಾರಿನ ಪಾಲಿಸಿಯನ್ನೂ ಹಾಗೇ ಮಾಡಿದರು. ಮಾಲೀಕ ಅಪಘಾತದಲ್ಲಿ ತೀರಿಕೊಂಡರೆ ದುಡ್ಡು ಪಡೆಯುವ ನಾಮಿನಿಯ ಜಾಗದಲ್ಲಿ ಮಾತ್ರ ನಾನೇ ಎದುರು ನಿಂತು, ಹೆಂಡತಿ ಎಂದು ನನ್ನ ಹೆಸರು ಹಾಕಿಸಿದೆ.

ಮನೆಗೆ ಬಂದು ಆರ್‌ಸಿ ಪಕ್ಕಕ್ಕಿಟ್ಟು ಓದಿದರೆ ಚಾಸಿ ನಂಬರು ನಮ್ಮದಲ್ಲ, ಯಾರದೋ. ಮರುದಿನವೇ ಹೋದೆ. ಉಗ್ಗಾಣಿ ತಿನ್ನುತ್ತಿದ್ದವರು ಕಾಗದದ ಕಡೆ ನೋಡಲೂ ಇಲ್ಲ.

“ಏಂ ಕಾದು ಟೀಚರ್. ಪೊಲೀಸ್ರು ನೋಡೋದು ತಾರೀಕು ಅಷ್ಟೇರಿ. ಯಾಕ ತಲಿ ಕೆಡಿಸ್ಕೊಂತೀರಿ?”

ಏನೂ ಆಗಲ್ಲ ಎಂಬ ಆ ತೆಲುಗು ಮಾತೇ ಅವರ ವೇದ. ನಾಲ್ಕು ಸಲ ಹೋದೆ. ಒಮ್ಮೆ ಸರ್ವರ್ ಇಲ್ಲ, ಒಮ್ಮೆ ಅನಂತಪುರದ ಆಫೀಸಿಗೆ ರಜೆ, ಒಮ್ಮೆ ಸಾರ್ ಮಡಕಶಿರಕ್ಕೆ ಮದುವೆಗೆ ಹೋಗಿದ್ದರು. ನಾಲ್ಕನೇ ಸಲ, ಮುಂದಿನ ವರ್ಷ ರಿನ್ಯೂವಲ್‌ನಲ್ಲಿ ನೋಡೋಣ ಎಂದರು. ನಾನೇ ನೇರ ಕಂಪನಿಗೆ ಬರೆಯಬೇಕಿತ್ತು. ಬರೆಯಲಿಲ್ಲ. ಆ ಪೆದ್ದುತನ ನನ್ನದೇ.

ಆ ವರ್ಷವೇ ಕಣೇಕಲ್ಲು ದಾರಿಯಲ್ಲಿ ಭತ್ತದ ಟ್ರ್ಯಾಕ್ಟರ್ ಗುದ್ದಿ ಕಾರು ಅಪ್ಪಚ್ಚಿಯಾಯಿತು. ಗಂಡ ಉಳಿದದ್ದೇ ಪುಣ್ಯ. ಪರಿಶೀಲನೆಗೆ ಬಂದ ಕಂಪನಿಯವನು ನಂಬರು ತಾಳೆ ನೋಡಿ, ಇದು ಅಮರಾಪುರದ ಕುರಿ ವ್ಯಾಪಾರಿಯೊಬ್ಬನ ಜೀಪಿನದು, ನಾವು ವಿಮೆ ಮಾಡಿದ ಗಾಡಿ ಇದಲ್ಲ ಎಂದ. ನಮ್ಮ ಏಜೆಂಟರು ಅವನ ಮುಂದೆಯೇ ಉಗುರಿನಿಂದ ಫಾರಂ ತೋರಿಸಿ, ಟೀಚರ್ ಕೊಟ್ಟ ನಂಬರನ್ನೇ ಹಾಕಿದ್ದೇನೆ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕ್ಲೇಮು ಬಿದ್ದುಹೋಯಿತು, ಕಾರು ಗುಜರಿಗೆ ಹೋಯಿತು, ಗಂಡ ಇವತ್ತಿಗೂ ಕೆಲಸಕ್ಕೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುತ್ತಾರೆ. ಅಂದಿನಿಂದ ನನ್ನ ಬಾಯಲ್ಲಿ ಆ ಮನುಷ್ಯ ‘ಅವನು’ ಆದ. ಎದುರು ಬಂದರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದೆ.

ಹೋದ ವರ್ಷ ಬಳ್ಳಾರಿ ರಸ್ತೆಯಲ್ಲಿ ತನ್ನ ಕಾರನ್ನು ಮರಕ್ಕೆ ಹೊಡೆದು ತೀರಿಕೊಂಡ. ಅಯ್ಯೋ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಮಣ್ಣಿಗೆ ಹೋಗಲಿಲ್ಲ.

ಎರಡು ತಿಂಗಳಾದ ಮೇಲೆ ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದಳು. ಕೂತುಕೋ ಎಂದರೂ ಕೂರಲಿಲ್ಲ. ಸೆರಗಿನಡಿಯಿಂದ ಅವನ ಕಾರಿನ ಪಾಲಿಸಿ ತೆಗೆದು ನನ್ನ ಮುಂದೆ ಹಿಡಿದಳು.

“ಇದ್ರಾಗ ಹೆಂಡ್ತಿ ಅಂತ ನಿಮ್ಮ ಹೆಸರೈತ್ರಿ ಟೀಚರಮ್ಮ. ಕಂಪನಿಯವ್ರು ಹೇಳಿ ಎಂಟು ದಿನಾತು, ಊರಾಗ ಯಾರಿಗೂ ತೋರ್ಸಿಲ್ಲ. ನಿಮ್ಮ ಹೆಸರು ಯಾಕ ಬಂತು ಅಂತ ನೀವ ಹೇಳ್ರಿ.”

ಅವಳ ಕೈಯಿಂದ ಕಾಗದ ತೆಗೆದುಕೊಂಡು ಮೇಲಿನಿಂದ ಓದಿದೆ. ಆಮೇಲೆ ತಿಳಿಯಿತು. ಆ ಭೂಪ ತನ್ನ ಪಾಲಿಸಿಯನ್ನೂ ನಮ್ಮ ಫೈಲಿನ ಮೇಲೇ ಮಾಡಿಕೊಂಡಿದ್ದ. ತನ್ನ ಹೆಸರು, ತನ್ನ ಗಾಡಿ ನಂಬರು, ನಮ್ಮ ಕ್ಲೇಮು ಬಿದ್ದ ಮೇಲೆ ಕಲಿತ ಬುದ್ಧಿಗೆ ಚಾಸಿ ನಂಬರು, ಅಷ್ಟೇ ತಿದ್ದಿದ್ದ. ಬೀರುವಿನಿಂದ ನಮ್ಮ ಹಳೆಯ ಪಾಲಿಸಿ ತಂದು, ಎರಡನ್ನೂ ಪಕ್ಕ ಪಕ್ಕ ಇಟ್ಟು ಒಂದೊಂದೇ ಸಾಲು ಅವಳಿಗೆ ಓದಿ ಹೇಳಿದೆ. ಅವಳು ಎರಡು ಕಾಗದದ ಮೇಲೂ ಬೆರಳಿಟ್ಟು ತಾಳೆ ನೋಡಿದಳು. ಅನುಮಾನ ಹೋಯಿತು, ಮುಖ ಮಾತ್ರ ತಿಳಿಯಾಗಲಿಲ್ಲ.

“ಅಂದ್ರ ನನ್ನ ಹೆಸರು ಬರಿಯಾಕೂ ಅವ್ರಿಗೆ ಪುರಸೊತ್ತಿರ್ಲಿಲ್ಲ,” ಎಂದಳು.

ದುಡ್ಡು ಅವಳಿಗೆ ಸಿಗಬೇಕಾದರೆ ನನ್ನಿಂದ ಒಂದು ಪತ್ರ ಬೇಕೆಂದು ಕಂಪನಿಯವರು ಹೇಳಿದ್ದರಂತೆ. ಬಿಳಿ ಹಾಳೆ ತೆಗೆದು, ನಾನು ಈ ವ್ಯಕ್ತಿಯ ಹೆಂಡತಿಯಲ್ಲ, ಇವರಿಗೂ ನನಗೂ ಯಾವ ಸಂಬಂಧವೂ ಇಲ್ಲ ಎಂದು ಬರೆದೆ. ಅಷ್ಟು ಸಂತೋಷದಿಂದ ಜನ್ಮದಲ್ಲಿ ಏನನ್ನೂ ಬರೆದಿಲ್ಲ. ಅದರ ಕೆಳಗೆ, ನಿಜವಾದ ಹೆಂಡತಿ ಇವರು ಎಂದು ಬರೆಯುವ ಮೊದಲು ಮಾತ್ರ ಅವಳ ಹೆಸರನ್ನು ಎರಡು ಸಲ ಕೇಳಿದೆ.