ಕೊನೇ ಸುತ್ತಿನ ಹುಡುಗಿ

ಒಗಟು ಬಿಡಿಸಿ ನೋಡುವಾ: ನನ್ನ ಹತ್ರ ಒಂದು ಸೀಟಿದೆ. ಕೂರಕ್ಕಾಗಲ್ಲ, ಮಾರಕ್ಕಾಗಲ್ಲ, ದಾನ ಕೊಡಕ್ಕೂ ಆಗಲ್ಲ. ಏನದು? ನಿಮಗೆ ಹೊಳೆಯಲ್ಲ ಬುಡಿ, ನನಗೇ ಹೊಳೆದಿದ್ದು ಆ ಹುಡುಗಿ ಬಂದ ಮೇಲೆ.

ದೊಡ್ಡ ಕಾಲೇಜಿನ ಗೇಟಿನ ಮುಂದೆ ನಾನು ಎಳನೀರು ಮಾರ್ತೀನಿ. ಅಲ್ಲಿ ಮೈಸೂರಲ್ಲೇ ಓದಿದವರಿಗೆ ಅಂತ ಒಂದಷ್ಟು ಸೀಟು ಬೇರೆ ಇಡ್ತಾರೆ. ರಾಯಚೂರಿಂದ ಬಂದಿದ್ದ ಆ ಹುಡುಗಿಗೆ ಸೀಟು ಹಂಚೋ ಕೊನೇ ಸುತ್ತಿನಲ್ಲೂ ಏನೂ ಸಿಗಲಿಲ್ಲ. ಅವಳಿಗಿಂತ ಕಮ್ಮಿ ಮಾರ್ಕ್ಸು ತೆಗೆದ ನಮ್ಮೂರ ಚಾಮರಾಜಪುರಂ ಹುಡುಗನಿಗೆ ಸಿಕ್ತು. ಅವಳಪ್ಪ ಒಂದೇ ಎಳನೀರು ತಗೊಂಡು ಮಗಳಿಗೆ ಕೊಟ್ಟು ನನ್ನನ್ನ ಕೇಳಿದರು, "ತಮ್ಮಾ, ನೀ ಇದೇ ಊರಾವನೇನು?"

"ಹೂಂ ಕಣಣ್ಣ, ದಟ್ಟಗಳ್ಳಿ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬುಟ್ಬುಟ್ಟೆ. ನನ್ನ ಲೋಕಲ್ ಸೀಟು ಸುಮ್ನೆ ಬಿದ್ದದೆ, ಈ ಅಕ್ಕನೇ ತಗೊಳ್ಳಲಿ!"

ನಗ್ತಾರೆ ಅಂದ್ಕೊಂಡೆ. ಹುಡುಗಿ ಎಳನೀರು ಕೆಳಗಿಟ್ಟು ನನ್ನ ಕಡೆ ಕೈ ಚಾಚಿದಳು.

"ಕೊಡು ಮತ್ತ."

ನನ್ನ ಕೈಲಿ ಮಚ್ಚು ಬಿಟ್ಟರೆ ಏನೂ ಇರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಗುಮಾಸ್ತರೊಬ್ಬರು ಓಡಿ ಬಂದು, "ಒಂದು ಸೀಟು ಉಳಿದದೆ, ಬಾರಮ್ಮ" ಅಂತ ಅವಳನ್ನ ಕರ್ಕೊಂಡು ಹೋದರು.

ಆ ಗುಮಾಸ್ತರನ್ನ ನಾನೇ ಹುಟ್ಟಿಸಿದ್ದು ಕಣ್ರೀ. ಯಾರೂ ಬರಲಿಲ್ಲ. ಅವಳಪ್ಪ ಬಸ್‌ಸ್ಟ್ಯಾಂಡಿಗೆ ದಾರಿ ಕೇಳಿದರು. ಹೊರಗಿನವರಿಗೆ ತಪ್ಪು ದಾರಿ ತೋರಿಸಿ ನಗೋದು ನನ್ನ ಚಟ. ಅವತ್ತು ಸರಿಯಾಗೇ ಹೇಳ್ಬುಟ್ಟೆ. ಲೋಕಲ್ ಆಗಿದ್ದಕ್ಕೆ ಅಷ್ಟಾದರೂ ಉಪಯೋಗ.