ಕಬಹೆಂಡ ಮೇಡಂ ಕಳೆದುಕೊಂಡ ಇಂಗ್ಲಿಷು

ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ನಾನು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಗಂಜಿ ಕಾಯಿಸಿದೆ. ಅಷ್ಟೂ ವರ್ಷ ಅಲ್ಲಿ ಇಂಗ್ಲಿಷ್ ಕಲಿಸಿದವರು ಕಬಹೆಂಡ ಮೇಡಂ. ಬೇಲಿ ದಾಟಿ ಒಳಗೆ ಬಂದ ಮೇಲೆ ಯಾರೂ ನಮ್ಮ ರುಟೋರೊ ಭಾಷೆ ಆಡಕೂಡದು ಎಂದು ಅವರ ಕಟ್ಟಪ್ಪಣೆ. ನನಗೂ ವಿನಾಯಿತಿ ಇರಲಿಲ್ಲ. ಲೋಟ, ಸಾಲು, ತಳ್ಳಬೇಡ ಎಂಬಂಥ ಹತ್ತಿಪ್ಪತ್ತು ಇಂಗ್ಲಿಷ್ ಪದ ಕಲಿತುಕೊಂಡೇ ಸೌಟು ಹಿಡಿಯಬೇಕಾಯಿತು.

ಕೆಟ್ಟ ಹೆಂಗಸಲ್ಲ ಅವರು. ಅವರಪ್ಪ ಓದಲು ಬಾರದ ಇಂಗ್ಲಿಷ್ ಕಾಗದವೊಂದಕ್ಕೆ ಹೆಬ್ಬೆಟ್ಟು ಒತ್ತಿ ಗುಡ್ಡದ ಬಾಳೆತೋಟ ಕಳೆದುಕೊಂಡಿದ್ದ. ಆ ನೆಲದಲ್ಲಿ ಎದ್ದ ಟೀ ತೋಟಕ್ಕೇ ಕೂಲಿಗೆ ಹೋಗಿ ಸತ್ತ. ಇಂಗ್ಲಿಷ್ ಇಲ್ಲದವರ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಮೇಡಂ ತಲೆಯಲ್ಲಿ ಕೂತಿದ್ದು ಹಾಗೆ.

ಮಗಳು ಡೋರೀನ್ ಹುಟ್ಟಿದ ಮೂರನೇ ದಿನ ಎಂಪಾಕೊ ಇಡಬೇಕೆಂದು ಅತ್ತೆ ರಾಗಿ ಮುದ್ದೆ ತಿರುವಿಕೊಂಡು ಬಂದಿದ್ದರು. ಎಂಪಾಕೊ ಎಂದರೆ ನಮ್ಮಲ್ಲಿ ಪ್ರತಿಯೊಬ್ಬರಿಗೂ ಇರುವ ಅಕ್ಕರೆಯ ಹೆಸರು. ಅದನ್ನು ಬಿಟ್ಟು ಮಾತಾಡಿಸಿದರೆ ಬೈದ ಹಾಗೆ. ಮೇಡಂ ಬೇಡವೆಂದರು. ಗಂಡ ಬೇಗ ತೀರಿಕೊಂಡ ಮೇಲಂತೂ ಆ ಮನೆಯಲ್ಲಿ ಇಂಗ್ಲಿಷ್ ಬಿಟ್ಟರೆ ಬೇರೆ ಸದ್ದೇ ಇಲ್ಲ. ಡೋರೀನ್ ನಮ್ಮ ನಡುವೆ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದಳು. ಅವಳನ್ನು ಏನೆಂದು ಕರೆಯುವುದೋ ನಮಗೆ ತಿಳಿಯದು, ನಮಗೆ ಏನು ಹೇಳುವುದೋ ಅವಳಿಗೆ ತಿಳಿಯದು. ಚೆನ್ನಾಗಿ ಓದಿ ಕಂಪಾಲಾದಲ್ಲಿ ವಕೀಲೆಯಾದಳು.

ನನ್ನ ಮಗಳು ಕೊಬುಸಿಂಗೆ ಎರಡನೇ ತರಗತಿಯಲ್ಲಿದ್ದಾಗ ಒಂದು ದಿನ ಒಂದಕ್ಕೆ ಹೋಗಬೇಕೆಂದು ರುಟೋರೊದಲ್ಲಿ ಕೇಳಿದಳು. ಇಂಗ್ಲಿಷಿನಲ್ಲಿ ಕೇಳು ಎಂದು ಮೇಡಂ ನಿಲ್ಲಿಸಿದರು. ಅವಳಿಗೆ ಬರಲಿಲ್ಲ. ಎಲ್ಲರೆದುರು ಲಂಗ ಒದ್ದೆಯಾಯಿತು. ಮಾರನೆಯ ದಿನದಿಂದ ಎಷ್ಟು ಹೊಡೆದರೂ ಶಾಲೆಗೆ ಹೋಗಲಿಲ್ಲ. ಈಗ ಅವಳೂ ಟೀ ತೋಟದಲ್ಲಿ ಎಲೆ ಕೀಳುತ್ತಾಳೆ. ನಾನು ಅದನ್ನು ಮರೆತಿರಲಿಲ್ಲ.

ಅರವತ್ತನಾಲ್ಕನೇ ವಯಸ್ಸಿನಲ್ಲಿ ಮೇಡಂಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಡೋರೀನ್ ಬಂದು ಕಂಪಾಲಾಕ್ಕೆ ಕರೆದೊಯ್ದಳು. ಎರಡು ತಿಂಗಳ ಮೇಲೆ ವಾಪಸು ಕರೆತಂದಾಗ ಅವಳ ಬಾಯಿಂದಲೇ ಊರಲ್ಲಿ ಸುದ್ದಿಯಾಯಿತು: ಮೇಡಂಗೆ ಬುದ್ಧಿ ಕಲಸಿಹೋಗಿದೆ, ಏನೇನೋ ಬಡಬಡಿಸುತ್ತಾರೆ, ಇನ್ನು ಹೆಚ್ಚು ದಿನವಿಲ್ಲ.

ಹೋಗಲೋ ಬೇಡವೋ ಎಂದು ನಾನು ಎರಡು ದಿನ ಕಳೆದೆ. ಮೂರನೇ ದಿನ ಒಂದು ಬಟ್ಟಲು ಸಾರು ಹಿಡಿದುಕೊಂಡು ಹೋದೆ. ಮೇಡಂ ಅಂಗಾತ ಮಲಗಿದ್ದರು, ಡೋರೀನ್ ಪಕ್ಕದಲ್ಲಿ ಕೂತಿದ್ದಳು. ಶಾಲೆಯಲ್ಲಿ ಎಂದೂ ಕರೆಯಲು ಬಿಡದಿದ್ದ ಅವರ ಎಂಪಾಕೊ ಹಿಡಿದು, "ಅಬ್ವೋಲಿ, ಹ್ಯಾಗಿದ್ದೀರಿ?" ಎಂದೆ.

ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು. ತೊದಲು ಸ್ವಲ್ಪವಿತ್ತು, ಆದರೆ ಮಾತು ನೆಟ್ಟಗಿತ್ತು, ಅಪ್ಪಟ ರುಟೋರೊ. ನನ್ನನ್ನೂ ನನ್ನ ಎಂಪಾಕೊ ಹಿಡಿದೇ ಕರೆದರು.

"ಅಡ್ಯೇರಿ, ನನ್ನ ಮಗ್ಗುಲು ಹೊರಳಿಸೇ. ಬೆನ್ನು ಉರಿದುಹೋಗ್ತಿದೆ. ಎಷ್ಟು ಹೇಳಿದ್ರೂ ಇವಳು ನೀರು ತಂದು ಕುಡಿಸ್ತಾಳೆ."

ನಾನು ಡೋರೀನ್ ಕಡೆ ತಿರುಗಿದೆ. ಇಂಗ್ಲಿಷಿನಲ್ಲಿ ಹೊರಳಿಸು ಎನ್ನಲು ಏನನ್ನುತ್ತಾರೋ ತಿಳಿಯದೆ ಕೈಸನ್ನೆ ಮಾಡಿದೆ. ಇಬ್ಬರೂ ಸೇರಿ ಹೊರಳಿಸಿದೆವು. ಸೊಂಟದ ಹಿಂದೆ ಅಂಗೈಯಗಲದ ಹುಣ್ಣು, ಒಳಗೆ ಮೂಳೆ ಕಾಣುತ್ತಿತ್ತು. ಡೋರೀನ್ ಆರೋಗ್ಯ ಕೇಂದ್ರಕ್ಕೆ ಓಡಿದಳು.

ಅಲ್ಲಿಂದ ನರ್ಸ್ ಬಸೆಮೆರಾ ಬಂದು ನೋಡಿದಳು. ಬುದ್ಧಿ ಕೆಟ್ಟಿಲ್ಲ, ಲಕ್ವ ಹೊಡೆದಾಗ ಕೆಲವರಿಗೆ ಆಮೇಲೆ ಕಲಿತ ಭಾಷೆ ಮಾತ್ರ ಅಳಿಸಿಹೋಗುತ್ತದೆ ಎಂದಳು. ಮಗಳಿಗೆ ತಾಯಿ ಭಾಷೆ ಬಾರದು, ಕಂಪಾಲಾದಲ್ಲಿ ಅವಳ ಮನೆಗೆಲಸದವಳು ಉತ್ತರದ ಸೀಮೆಯವಳು, ಅವಳಿಗೂ ಬಾರದು. ಎರಡು ತಿಂಗಳು ಆ ತಾಯಿ ಒಂದೇ ಮಾತು ಹೇಳಿಕೊಂಡು ಮಲಗಿದ್ದರು. ನಂಜು ರಕ್ತಕ್ಕೆ ಇಳಿದಿತ್ತು. ನಾನು ಕಳೆದ ಆ ಎರಡು ದಿನದಿಂದ ಏನಾದರೂ ಹೆಚ್ಚುಕಮ್ಮಿ ಆಯಿತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅಲ್ಲಿಂದ ಹತ್ತೊಂಬತ್ತು ದಿನ ತಾಯಿ ಮಗಳ ಮಾತೆಲ್ಲ ನನ್ನ ಬಾಯಿಂದ ದಾಟಬೇಕಾಯಿತು. ಬಸೆಮೆರಾ ಬೆಳಿಗ್ಗೆ ಬಂದು ಗಾಯ ತೊಳೆದು ಹೋಗುತ್ತಿದ್ದಳು. ಉಳಿದ ಹೊತ್ತಿಗೆ ಗಂಜಿ ಸಾಲಿನ ನನ್ನ ಇಂಗ್ಲಿಷೇ ಗತಿ. ಒಂದು ಮಧ್ಯಾಹ್ನ ಮೇಡಂ ಮಗಳನ್ನೇ ನೋಡುತ್ತ ತುಂಬ ಹೊತ್ತು ಮಾತಾಡಿದರು.

"ನಿಂಗಾಗ ನಾಲ್ಕು ವರ್ಷ. ಅಜ್ಜಿ ಹತ್ರ ಒಂದು ಒಗಟು ಕಲ್ತು ಓಡಿ ಬಂದೆ, ಅಮ್ಮಾ ಬಿಡಿಸು ಅಂದೆ. ನಂಗೆ ಉತ್ತರ ಗೊತ್ತಿತ್ತು. ಆದ್ರೂ ನಾನು ಅರ್ಥ ಆಗದವಳ ಥರ ಕೂತೆ. ನೀನು ಮೂರು ಸಲ ಹೇಳಿದೆ. ನಾಲ್ಕನೇ ಸಲಕ್ಕೆ ಸುಮ್ಮನಾದೆ. ಆಮೇಲೆ ಆ ಭಾಷೇಲಿ ನೀನು ಬಾಯೇ ಬಿಡಲಿಲ್ಲ. ಅವತ್ತು ನಾನು ಗೆದ್ದೆ ಅಂದ್ಕೊಂಡೆ ಕಣೇ."

"ಏನಂದ್ರು?" ಎಂದು ಡೋರೀನ್ ನನ್ನ ತೋಳು ಹಿಡಿದಳು.

ಹುಡುಕಿದೆ. ಒಗಟಿಗೆ ಏನನ್ನುತ್ತಾರೆ, ಅರ್ಥವಾಗದವಳ ಹಾಗೆ ಕೂರುವುದಕ್ಕೆ ಏನನ್ನುತ್ತಾರೆ, ನನಗೆ ಯಾವುದೂ ಸಿಗಲಿಲ್ಲ.

"ಸಾರಿ ಅಂತಿದ್ದಾರೆ."

"ಅಷ್ಟೇನಾ? ಅಷ್ಟು ಹೊತ್ತು ಮಾತಾಡಿದ್ರಲ್ಲ!"

"ಅಷ್ಟೇ," ಎಂದೆ.

ಮಾರನೆಯ ದಿನ ಬಸೆಮೆರಾಳ ಎದುರು ಮತ್ತೆ ಹೇಳಿಸೋಣವೆಂದರೆ ಮೇಡಂಗೆ ಜ್ವರ ಏರಿ ಎಚ್ಚರ ತಪ್ಪಿತ್ತು. ಮತ್ತೆ ಅವರು ಬಾಯಿ ಬಿಡಲಿಲ್ಲ. ಮನೆ ಹಿಂದಿನ ಬಾಳೆತೋಪಿನಲ್ಲಿ ಗಂಡನ ಪಕ್ಕ ಮಣ್ಣು ಮಾಡಿದೆವು.

ಮಣ್ಣಾದ ಮೇಲೆ ಬಸೆಮೆರಾಳನ್ನು ಕೂರಿಸಿಕೊಂಡು ಅಂದಿನ ಮಾತನ್ನು ಒಂದೂ ಬಿಡದೆ ಡೋರೀನ್‌ಗೆ ಹೇಳಿಸಿದೆ. ಅವಳು ಕೇಳಿದ್ದು ಒಂದೇ: "ಯಾವ ಒಗಟು?"

ಅದನ್ನು ಮೇಡಂ ಹೇಳಿರಲಿಲ್ಲ. ಅಜ್ಜಿ ಸತ್ತು ಇಪ್ಪತ್ತು ವರ್ಷ. ಡೋರೀನ್‌ಗೆ ಅಂಥದ್ದೊಂದು ದಿನವೇ ನೆನಪಿಲ್ಲ.

ಎರಡು ದಿನ ಉಳಿದಳು. ಬಸೆಮೆರಾಳನ್ನು ಕಾಡಿ ಬೇಡಿ ಜೊತೆಗೆ ಕರೆದುಕೊಂಡು ಮನೆಮನೆಗೆ ಹೋಗಿ, ಮುದುಕಿಯರ ಮುಂದೆ ಚಾಪೆಯ ಮೇಲೆ ಕೂತು, ಗೊತ್ತಿದ್ದ ಒಗಟೆಲ್ಲ ಹೇಳಿಸಿದಳು. ಮೊದಲು ರುಟೋರೊದಲ್ಲಿ ಕಣ್ಣು ಮುಚ್ಚಿ ಕೇಳುವಳು, ಆಮೇಲೆ ಅರ್ಥ ಕೇಳುವಳು, ತಲೆ ಅಲ್ಲಾಡಿಸುವಳು. ಮುದುಕಿಯರು ಪಾಪ, ಎಂದೋ ಮರೆತಿದ್ದನ್ನೂ ಕೆದಕಿ ಕೆದಕಿ ಹೇಳಿದರು. ಯಾವುದೂ ಅವಳಿಗೆ ಹಿಂದೆ ಕೇಳಿದ್ದು ಅನ್ನಿಸಲಿಲ್ಲ. ಮೂರನೇ ದಿನ ಬೆಳಿಗ್ಗೆ ಕಂಪಾಲಾ ಬಸ್ಸು ಹತ್ತಿ ಹೋದಳು.