ಜನವರಿ ಲೆಕ್ಕಕ್ಕಿಲ್ಲದ ಕೋರ್ಟು

ಸೆಫೆರಿನಾ ಮೂವತ್ತೊಂದು ವರ್ಷ ಕೋರ್ಟಿನ ಕಾಗದ ಹೊಲಿದವಳು. ಹೊಲಿದವಳು ಎಂದರೆ ನಿಜಕ್ಕೂ ಸೂಜಿ ದಾರ ಹಿಡಿದು ಹೊಲಿದವಳೇ. ಪರಾಗ್ವೆಯಲ್ಲಿ ದೂರು, ಹೇಳಿಕೆ, ಆದೇಶ ಎಲ್ಲ ಸೇರಿಸಿ, ಹಾಳೆಗೊಂದು ಸಂಖ್ಯೆ ಹಾಕಿ, ದಬ್ಬಣದಿಂದ ತೂತು ಮಾಡಿ ಹೊಲಿದರೇ ಅದು ಕಡತ. ಸರ್ವಾಧಿಕಾರಿಯ ಕಾಲದಲ್ಲಿ ಬಿಡಿ ಹಾಳೆಗಳು ಮಾಯವಾಗುತ್ತಿದ್ದವು, ಹಾಳೆಗಳ ಹಿಂದೆ ಮನುಷ್ಯರೂ ಮಾಯವಾಗುತ್ತಿದ್ದರು. ಅದಕ್ಕೇ ಅವಳು ಗಂಟು ಬಿಗಿಯಾಗಿ ಹಾಕುತ್ತಿದ್ದಳು. ವಕೀಲರನ್ನು ಅಲ್ಲಿ ಡಾಕ್ಟರ್ ಎನ್ನುತ್ತಾರೆ. ಯಾವನಾದರೂ ಹಾಳೆಗೆ ಕೈ ಹಾಕಿದರೆ, "ಏನ್ ಡಾಕ್ಟರೇ, ಕೋಳಿ ಪುಕ್ಕ ಕೀಳೋಕೆ ಬಂದ್ರಾ?" ಎಂದು ಕೈಮೇಲೇ ಏಟು ಕೊಡುತ್ತಿದ್ದಳು.

ಪರಾನಾ ನದಿ ದಂಡೆಯ ಆ ಊರಿಗೂ ನ್ಯಾಯ ಸುಧಾರಣೆ ಬಂತು. ಪರದೇಶದವರು ಕೊಟ್ಟ ಹಣದಲ್ಲಿ ಗಾಜಿನ ಬಾಗಿಲು ಬಂತು, ತಣ್ಣನೆಯ ಸಭಾಂಗಣ ಬಂತು. 'ಅಪರಾಧ ಗಡಿ ದಾಟಿದರೆ ನ್ಯಾಯವೂ ದಾಟುತ್ತದೆ' ಎಂಬ ಬ್ಯಾನರ್ ಗೋಡೆಯುದ್ದ ಏರಿತು. ನೆರೆದೇಶದ ಜೊತೆಗಿನ ಒಪ್ಪಂದದ ಪುಸ್ತಕವನ್ನು ಎಲ್ಲರಿಗೂ ಹಂಚಿದರು. ಪೇಷ್ಕಾರ ಡಾಕ್ಟರ್ ಒವೆಲಾರ್ ತನ್ನ ಪ್ರತಿಯನ್ನು ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟ. ಸೆಫೆರಿನಾಳಿಗೆ ಸಿಕ್ಕಿದ್ದು ಚೀಪಾ ರೊಟ್ಟಿ ಮತ್ತು ಒಂದು ಪ್ರಮಾಣಪತ್ರ.

ಆ ವರ್ಷದ ಡಿಸೆಂಬರಿನಲ್ಲಿ ನಿಮಿಯಾಳ ಪ್ರಕರಣಕ್ಕೆ ಜೀವ ಬಂತು. ಹದಿನೇಳರ ಹುಡುಗಿಯನ್ನು ಹೋಟೆಲ್ ಕೆಲಸ ಎಂದು ನಂಬಿಸಿ ಬ್ಯೂನಸ್ ಐರಿಸ್‌ಗೆ ಕರೆದೊಯ್ದವನು ಎರಡು ವರ್ಷ ಒಂದು ಮನೆಯಲ್ಲಿ ಕೂಡಿಹಾಕಿ ಮೈ ಮಾರಿಸಿದ್ದ. ಅವಳು ತಪ್ಪಿಸಿಕೊಂಡು ಬಂದು ಹೇಳಿಕೆ ಕೊಟ್ಟಿದ್ದಳು. ಆ ಹೇಳಿಕೆಯ ಮೇಲೆ ಅಲ್ಲಿನ ಪೊಲೀಸರು ಡಿಸೆಂಬರ್ ಹದಿನೈದಕ್ಕೆ ಅವನನ್ನು ಹಿಡಿದರು. ನಲವತ್ತೈದು ದಿನದೊಳಗೆ ಕಡತ ಅಲ್ಲಿಗೆ ತಲುಪಿದರೆ ಅವನನ್ನು ಇಲ್ಲಿಗೆ ಒಪ್ಪಿಸುತ್ತಾರೆ, ಇಲ್ಲದಿದ್ದರೆ ಬಿಟ್ಟುಬಿಡುತ್ತಾರೆ.

ವರ್ಷದ ಕೊನೆಗೆ ಹುಡುಗಿಯ ತಾಯಿ ಲಿಬ್ರಾದಾ ಕೋರ್ಟಿನ ಮೆಟ್ಟಿಲು ಹತ್ತಿ ಬಂದಳು.

"ನ್ಯಾ ಸೆಫೆರಿನಾ, ಕಾಗದ ಹೋಯ್ತಾ?" ನ್ಯಾ ಎಂದರೆ ಅಲ್ಲಿ ಹಿರಿಯ ಹೆಂಗಸನ್ನು ಅಮ್ಮಾ ಎಂದು ಕರೆದಂತೆ.

"ಇನ್ನೂ ಇಲ್ಲಮ್ಮ. ಜನವರಿ ಪೂರ್ತಿ ಕೋರ್ಟಿಗೆ ರಜ ಅಲ್ವಾ, ಆ ದಿನ ಲೆಕ್ಕಕ್ಕೇ ಬರಲ್ಲ. ಶನಿವಾರ, ಭಾನುವಾರಾನೂ ಬರಲ್ಲ. ಮಾರ್ಚ್‌ವರೆಗೂ ಟೈಮಿದೆ. ನೀನು ಹೋಗಿ ನಿಶ್ಚಿಂತೆಯಾಗಿ ಮಲ್ಕೋ."

"ಆ ದೇಶದೋರೂ ಹಂಗೇ ಎಣಿಸ್ತಾರಾ?"

"ದಿನ ಅಂದ್ರೆ ದಿನಾನೇ ಕಣೇ. ಮೂವತ್ತೊಂದು ವರ್ಷದಿಂದ ಎಣಿಸ್ತಿರೋಳು ನಾನು, ನಂಗೇ ಹೇಳ್ಕೊಡ್ತೀಯಾ?"

ಲಿಬ್ರಾದಾ ನಂಬಿದಳು. ಯಾಕೆ ನಂಬಬಾರದು? ಪೇಷ್ಕಾರನೂ ಹಾಗೇ ಎಣಿಸಿದ್ದ, ನ್ಯಾಯಾಧೀಶರೂ ಹಾಗೇ ಎಣಿಸಿದ್ದರು. ಜನವರಿಯಲ್ಲಿ ಗಾಜಿನ ಬಾಗಿಲಿಗೆ ಬೀಗ ಬಿತ್ತು, ಪಾಳಿಯ ಮೇಲೆ ಉಳಿದ ಗುಮಾಸ್ತ ಫ್ಯಾನಿನ ಕೆಳಗೆ ತೆರೆರೆ ಎಂಬ ತಣ್ಣನೆಯ ಎಲೆ ಚಹಾ ಹೀರುತ್ತ ಕೂತ.

ಫೆಬ್ರವರಿ ಒಂದಕ್ಕೆ ಬಾಗಿಲು ತೆಗೆದದ್ದೇ ಸೆಫೆರಿನಾ ಹೊಲಿಯಲು ಕೂತಳು. ಇನ್ನೂರ ಹದಿನಾಲ್ಕು ಹಾಳೆ. ನಿಮಿಯಾಳ ಹೇಳಿಕೆಯ ಹಾಳೆಗಳು ಬಂದಾಗ ದಬ್ಬಣ ಬೆರಳಿಗೆ ಚುಚ್ಚಿತು, ಅವಳು ಲೆಕ್ಕಿಸಲಿಲ್ಲ. ಗಂಟಿನ ಮೇಲೆ ಅರಗು, ಅರಗಿನ ಮೇಲೆ ಮೊಹರು. ಹೊಸ ಸಹಕಾರದಡಿ ಹೊರಟ ಮೊದಲ ಕಡತವೆಂದು ಅದನ್ನು ಬ್ಯಾನರ್ ಮುಂದೆ ಹಿಡಿದು ಒವೆಲಾರ್ ಫೋಟೋ ತೆಗೆಸಿಕೊಂಡ.

ಎರಡು ವಾರಕ್ಕೆ ಉತ್ತರ ಬಂತು. ಒಪ್ಪಂದದ ನಲವತ್ತೈದು ದಿನವೆಂದರೆ ಕ್ಯಾಲೆಂಡರಿನ ದಿನ. ಭಾನುವಾರವೂ ಸೇರಿ, ಜನವರಿಯೂ ಸೇರಿ. ಗಡುವು ಮುಗಿದ ಮಾರನೆಯ ದಿನವೇ ಅವನನ್ನು ಬಿಡಲಾಗಿದೆ.

ಸೆಫೆರಿನಾ ಮೇಜಿನ ಕಾಲಡಿಯ ಪುಸ್ತಕ ಎಳೆದಳು. ಒಂಬತ್ತನೇ ಪುಟದಲ್ಲೇ ಇತ್ತು, ದಪ್ಪ ಅಕ್ಷರದಲ್ಲಿ. ಅದನ್ನು ಒಯ್ದು ಒವೆಲಾರ್‌ನ ಮುಂದೆ ಕುಕ್ಕಿದಳು.

"ಇದನ್ನ ಓದೋಕೂ ಪರದೇಶದೋರೇ ಬರ್ಬೇಕಿತ್ತಾ, ಡಾಕ್ಟರೇ?"

"ಕೂಗಾಡ್ಬೇಡ. ಕಡತ ಕಳ್ಸಿದ್ದೀವಿ, ವರದಿಲಿ 'ಕಳುಹಿಸಲಾಗಿದೆ' ಅಂತಾನೇ ಬರುತ್ತೆ. ಅಷ್ಟಕ್ಕೂ ನೀನೂ ಮಾರ್ಚ್ ಅಂತಾನೇ ಅಂದಿದ್ದಲ್ವಾ?"

ಅಂದಿದ್ದಳು. ಅದೇ ಅವಳಿಗೆ ಸಹಿಸಲಾಗದ್ದು. ಸುಧಾರಣೆಯಂತೆ! ಗೋಡೆಗೆ ಬಣ್ಣ ಬಳಿದರು, ಎಣಿಸುವ ತಲೆಗಳಿಗೆ ಏನೂ ಮಾಡಲಿಲ್ಲ, ಅವಳ ತಲೆಗೂ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಕೋರ್ಟಿನಲ್ಲಿ ಕೆಟ್ಟ ಮೇಲೂ ಯಾರಿಗೂ ಬುದ್ಧಿ ಬಂದಂತಿರಲಿಲ್ಲ. ಆ ಮಧ್ಯಾಹ್ನ ಕಾಫಿಗೆ ಕೇಕು ಬಂದಿತ್ತು, ಎಲ್ಲರೂ ತಿಂದರು.

ಲಿಬ್ರಾದಾಳ ಮನೆಗೆ ಸುದ್ದಿ ಹೇಳಲು ಕೋರ್ಟಿನಿಂದ ಯಾರೂ ಹೋಗುವವರಿರಲಿಲ್ಲ. ಸೆಫೆರಿನಾಳೇ ಹೋದಳು. ಅಂಗಳದಲ್ಲಿ ತಾಯಿ ಮಗಳು ಮರಗೆಣಸು ಸುಲಿಯುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದಳು, ತಾನು ಹೇಳಿದ ಲೆಕ್ಕ ತಪ್ಪೆಂಬುದನ್ನೂ ಬಿಡದೆ ಹೇಳಿದಳು.

ನಿಮಿಯಾ ಚಾಕು ಕೆಳಗಿಟ್ಟಳು.

"ಆ ಮನೇಲಿ ನಮಗೆ ಜನವರಿ ರಜ ಇರ್ಲಿಲ್ಲ, ನ್ಯಾ ಸೆಫೆರಿನಾ."

ಆಮೇಲೆ ಕೇಳಿದಳು: "ಕಡತದಲ್ಲಿ ನಮ್ಮ ಮನೆ ವಿಳಾಸ ಇದ್ಯಾ?"

ಇತ್ತು. ಆರನೇ ಹಾಳೆಯಲ್ಲಿತ್ತು. ಅದರ ಪ್ರತಿ ಅವನ ವಕೀಲನಿಗೂ ಸಿಗುತ್ತದೆ, ಅದು ನಿಯಮ.

"ಇದೆ ಮಗಳೇ. ಎದ್ದೇಳಿ, ಬಟ್ಟೆ ಕಟ್ಟಿ," ಎಂದಳು ಸೆಫೆರಿನಾ.

ಅಂದಿನಿಂದ ಅವರಿಬ್ಬರೂ ಅವಳ ಮನೆಯಲ್ಲೇ ಇದ್ದಾರೆ. ಕದ ತಟ್ಟಿದರೆ ಮೊದಲು ಹೋಗುವವಳು ಸೆಫೆರಿನಾ, ಕೈಯಲ್ಲಿ ಕೋರ್ಟಿನ ದಬ್ಬಣ ಹಿಡಿದೇ ಹೋಗುತ್ತಾಳೆ. ಅವನು ಎಲ್ಲಿದ್ದಾನೆಂದು ಎರಡೂ ದೇಶದ ಯಾವ ಕೋರ್ಟಿಗೂ ಗೊತ್ತಿಲ್ಲ.